ದೊಡ್ಡಪ್ಪ ಅಜಾತಶತ್ರು ಆಗಿರಲಿಲ್ಲ

ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ಮೊನ್ನೆ ನಡೆದ ಮಾತು ಇದು. ದೊಡ್ಡಪ್ಪ ಕೋಲಾರ ಜಿಲ್ಲೆಯಲ್ಲಿ ಪಂಚಾಯ್ತಿ ಕಾರ್ಯದರ್ಶಿಯಾಗಿದ್ದವರು. ತಿಥಿಗೆ ಊರ ಮುಂದೆ ಕಟ್ಟುವ ಫ್ಲೆಕ್ಸಿನ ಮ್ಯಾಟರನ್ನು ಅವರ ಮಗ ಗುಂಪಿಗೆ ಹಾಕಿದರು. ಶುರುವಾಯಿತು. ಕೈಮುಗಿಯುವ ಇಮೋಜಿಗಳನ್ನು ತೆಗೆದಿದ್ದೇನೆ, ಅವೇ ಅರ್ಧ ಇದ್ದವು.

ಅಣ್ಣ: "ಕರ್ಮಯೋಗಿ, ಅಜಾತಶತ್ರು, 1983ರ ಮೊದಲ ಮಂಡಲ ಪಂಚಾಯ್ತಿ ಚುನಾವಣೆಯಿಂದ ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಜನಸೇವೆಗೆ ನಿಂತ, ಊರಿಗೆ ಬೋರ್‌ವೆಲ್ ತಂದ ಭಗೀರಥ, 2004ರಲ್ಲಿ ಪಿಡಿಒ ಆಗಿ ನಿವೃತ್ತರಾದ ಪೂಜ್ಯ ತಂದೆಯವರಿಗೆ ಭಾವಪೂರ್ಣ ಶ್ರದ್ಧಾಂಜಲಿ." ಎಲ್ಲರೂ ಒಂದ್ಸಲ ನೋಡಿ. ಡಿಟಿಪಿಯವರು 6 ಗಂಟೆಗೆ ಬಾಗಿಲು ಹಾಕುತ್ತಾರೆ.

ಚಿಕ್ಕಪ್ಪ: ಚೆನ್ನಾಗಿದೆ ಕಣಪ್ಪ. ಫೋಟೋ ಪೇಟ ಇರೋದು ಹಾಕು.

ಅಕ್ಕ: ಆ ಪೇಟ ಬೇರೆಯವರ ಸನ್ಮಾನದ್ದು ಚಿಕ್ಕಪ್ಪ, ಯಾರೋ ತಮಾಷೆಗೆ ಅಪ್ಪನ ತಲೆಗೆ ಇಟ್ಟಿದ್ದು. ಅದಿರಲಿ. ಅಜಾತಶತ್ರು ಅಂತ ಯಾಕೆ? ಅರ್ಧ ಊರು ಅಪ್ಪನ ಜೊತೆ ಮಾತು ಬಿಟ್ಟಿತ್ತು.

ಅಣ್ಣ: ಎಲ್ಲರ ಫ್ಲೆಕ್ಸಿನಲ್ಲೂ ಇರುತ್ತೆ ಅದು.

ಅಕ್ಕ: ಅದಕ್ಕೇ ಬೇಡ ಅಂದಿದ್ದು.

ನಾನು: ಅಣ್ಣ, ಇಸವಿಗಳೂ ತಪ್ಪಿವೆ. 1983 ಮಂಡಲ ಪಂಚಾಯ್ತಿ ಕಾಯ್ದೆಯ ವರ್ಷ. ಅದು ಜಾರಿಗೆ ಬಂದಿದ್ದು 1985ರಲ್ಲಿ, ಚುನಾವಣೆ ನಡೆದಿದ್ದು 1987ರ ಜನವರಿಯಲ್ಲಿ. ದೊಡ್ಡಪ್ಪ ಚಿಂತಾಮಣಿ ಕಡೆ ಇದ್ದಾಗ ಅದೂ ಕೋಲಾರ ಜಿಲ್ಲೆಯೇ. ಚಿಕ್ಕಬಳ್ಳಾಪುರ ಜಿಲ್ಲೆಯಾಗಿದ್ದು 2007ರಲ್ಲಿ, ಅಷ್ಟೊತ್ತಿಗೆ ಅವರು ಮನೆಯಲ್ಲಿ ಕೂತು ಪೇಪರ್ ಓದುತ್ತಿದ್ದರು. ಪಿಡಿಒ, ಅಂದರೆ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ ಅನ್ನೋ ಹುದ್ದೆಯಂತೂ 2004ರಲ್ಲಿ ಇರಲೇ ಇಲ್ಲ. ಯಾರಾದರೂ ಹಾಗೆ ಕರೆದರೆ "ನಾನು ಸೆಕ್ರೆಟ್ರಿ ಕಣಯ್ಯ" ಅಂತ ತಿದ್ದುತ್ತಿದ್ದರಲ್ವಾ?

ಅಣ್ಣ: ಈಗಿನ ಹುಡುಗರಿಗೆ ಅರ್ಥವಾಗಲಿ ಅಂತ ಹಾಕಿದೆ. ಫ್ಲೆಕ್ಸ್ ಓದಿ ಯಾರೂ ಪರೀಕ್ಷೆ ಬರೆಯಲ್ಲ.

ಅತ್ತಿಗೆ: ಬೋರ್‌ವೆಲ್ ಆದರೂ ಇರಲಿ. ಮಾವ ತಂದಿದ್ದು ನಿಜ ತಾನೆ?

ಅಕ್ಕ: ಇಲ್ಲ ಅತ್ತಿಗೆ. ಅದು ನಜೀರ್ ಸಾಬರು ಪಂಚಾಯತ್ ರಾಜ್ ಮಂತ್ರಿಯಾಗಿದ್ದಾಗ ಬಂದಿದ್ದು. ಅವರನ್ನು ನೀರ್ ಸಾಬ್ ಅಂತ ಸುಮ್ನೆ ಕರೆದರಾ? ಬೇರೆ ಹಳ್ಳಿಗಳಿಗೆ ಬಂದ ಹಾಗೆ ನಮ್ಮೂರಿಗೂ ಬಂತು. ಅಪ್ಪ ಮಾಡಿದ್ದು ಬೇರೆ. ಆಗ ಮಂಡಲಕ್ಕೆ ಅಧ್ಯಕ್ಷರಲ್ಲ, ಪ್ರಧಾನರು. ಅವರು ತಮ್ಮ ಮನೆ ಮುಂದೆಯೇ ಪಾಯಿಂಟ್ ಮಾಡಿಸಿದ್ದರು. ಬೋರ್ ಲಾರಿ ಬಂದು ನಿಂತಿತ್ತು. ಅಪ್ಪ ನಡಾವಳಿ ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಹೋದರು. ನಾನೂ ಹಿಂದೆಯೇ ಓಡಿದ್ದೆ. ಪುಟ ತೆಗೆದು ಬೆರಳಿಟ್ಟು ತೋರಿಸಿದರು: "ಕಾಲೋನಿಯಲ್ಲಿ ಅಂತ ಸಭೆಯಲ್ಲಿ ಬರೆದಿದ್ದೇವೆ. ಕೆಳಗೆ ನಿಮ್ಮದೇ ಸಹಿ." ಪ್ರಧಾನರು ಬೈದರು, ಮನೆಯವರೆಲ್ಲ ಹೊರಗೆ ಬಂದರು. ಲಾರಿ ಡ್ರೈವರ್ ಇಂಜಿನ್ ಆಫ್ ಮಾಡಿ, ಹೊಂಗೆಮರದ ಕೆಳಗೆ ಟವೆಲ್ ಹಾಸಿ ಮಲಗಿಬಿಟ್ಟ. ಸಂಜೆಗೆ ಲಾರಿ ಕಾಲೋನಿಗೆ ಹೋಯಿತು. ಆಮೇಲೆ ಒಂದು ವರ್ಷ ನಮ್ಮ ಮನೆಗೆ ಊರಲ್ಲಿ ಯಾರೂ ಹಾಲು ಕೊಡಲಿಲ್ಲ. ಅಮ್ಮ ಪಕ್ಕದೂರಿಂದ ತರಿಸುತ್ತಿದ್ದರು. ಇವರು ಅಜಾತಶತ್ರುವಾ?

ಚಿಕ್ಕಪ್ಪ: ಆ ಬೋರಿನಲ್ಲಿ ಈಗ ನೀರೇ ಇಲ್ಲವಲ್ಲಮ್ಮ.

ನಾನು: ನಮ್ಮ ಕಡೆ ಸಾವಿರ ಅಡಿ ಕೊರೆಸಿದರೂ ಈಗ ನೀರು ಕಷ್ಟ ಚಿಕ್ಕಪ್ಪ. ಅದಕ್ಕೆ ದೊಡ್ಡಪ್ಪ ಏನು ಮಾಡುತ್ತಾರೆ?

ಅಣ್ಣ: ನನ್ನ ಮಾತು ಸ್ವಲ್ಪ ಕೇಳಿ. ಆ ಪ್ರಧಾನರ ಮಕ್ಕಳು ಮೊನ್ನೆ ಅಪ್ಪನಿಗೆ ಹೆಗಲು ಕೊಟ್ಟಿದ್ದಾರೆ. ತಿಥಿಗೂ ಬರುತ್ತಾರೆ. ಹಳೇ ಜಗಳ ತಂದು ಊರ ಮುಂದೆ ಕಟ್ಟಬೇಕಾ? ನೀವೆಲ್ಲ ಮಾರನೇ ದಿನ ಬೆಂಗಳೂರಿಗೆ ಹೋಗುತ್ತೀರಿ. ಇಲ್ಲಿ ಇರೋನು ನಾನು.

ಅದಕ್ಕೆ ಸ್ವಲ್ಪ ಹೊತ್ತು ಯಾರೂ ಉತ್ತರ ಕೊಡಲಿಲ್ಲ. ಅವರು ಹೇಳಿದ್ದರಲ್ಲೂ ನ್ಯಾಯ ಇತ್ತು.

ಅಕ್ಕ: ಜಗಳ ಹಾಕು ಅನ್ನಲಿಲ್ಲ. ಇಲ್ಲದ್ದನ್ನು ಹಾಕಬೇಡ ಅಂದೆ.

ನಾನು: ಆ 1987ರ ಚುನಾವಣೆಯಲ್ಲೇ ಮೊದಲ ಸಲ ನೂರಕ್ಕೆ 25 ಸೀಟು ಹೆಂಗಸರಿಗೆ ಬಿಟ್ಟಿದ್ದು. ಆಗ ಗೆದ್ದಿದ್ದ ಒಬ್ಬ ಮೆಂಬರಮ್ಮ ಮೊನ್ನೆ ಬಂದು ದೊಡ್ಡಮ್ಮನ ಪಕ್ಕ ಕೂತಿದ್ದರು. ಸಭೆಗೆ ಅವರ ಬದಲು ಅವರ ಗಂಡ ಬಂದರೆ ದೊಡ್ಡಪ್ಪ ಹಾಜರಿ ಪುಸ್ತಕ ಮುಚ್ಚಿಡುತ್ತಿದ್ದರಂತೆ. "ಮೆಂಬರ್ ಬರಲಿ, ಆಮೇಲೆ ಶುರು ಮಾಡೋಣ." ಆ ಗಂಡನೂ ಅವರ ಮೇಲೆ ಕೋಪ ಮಾಡಿಕೊಂಡಿದ್ದ ಅನ್ನಿ.

ಚಿಕ್ಕಪ್ಪ: ನಂದೂ ಹೇಳಿಬಿಡುತ್ತೇನೆ. ಕಂದಾಯ ಬಾಕಿದಾರರ ಪಟ್ಟಿ ಪಂಚಾಯ್ತಿ ಗೋಡೆಗೆ ಅಂಟಿಸಿದ್ದ. ಮೊದಲ ಹೆಸರು ನನ್ನದು. 18 ರೂಪಾಯಿಗೆ. ಸ್ವಂತ ತಮ್ಮ! ಹೋಗಿ ಹರಿದು ಹಾಕಿದೆ. ಮಾರನೇ ದಿನ ಇನ್ನೊಂದು ಅಂಟಿಸಿದ, ನನ್ನ ಹೆಸರು ಮಾತ್ರ ಇನ್ನೂ ದಪ್ಪಗೆ. ಆ ವರ್ಷ ಯುಗಾದಿಗೆ ಅವನ ಮನೆ ಹೊಸಿಲು ತುಳಿಯಲಿಲ್ಲ ನಾನು.

ಅತ್ತಿಗೆ: ದುಡ್ಡು ಕಟ್ಟಿದಿರಾ ಚಿಕ್ಕಮಾವ?

ಚಿಕ್ಕಪ್ಪ: ಕಟ್ಟದೆ ಏನಮ್ಮ ಮಾಡಲಿ.

ಅಣ್ಣ: ಹಾಗಾದರೆ ಏನು ಬರೆಸಲಿ? ಗಂಟೆ ಐದೂಕಾಲು.

ಅಕ್ಕ: ಹೆಸರು. ಹುಟ್ಟಿದ್ದು, ತೀರಿಕೊಂಡಿದ್ದು. "ನಿವೃತ್ತ ಪಂಚಾಯ್ತಿ ಕಾರ್ಯದರ್ಶಿ." ಸಾಕು.

ಅಣ್ಣ: ರೇಷನ್ ಕಾರ್ಡ್ ಥರ ಇದೆ.

ನಾನು: "ಲೆಕ್ಕದಲ್ಲಿ ಕಟ್ಟುನಿಟ್ಟು" ಅಂತ ಸೇರಿಸಿ. ಬೈದವರೂ ಅದನ್ನು ಇಲ್ಲ ಅನ್ನಲ್ಲ.

ಚಿಕ್ಕಪ್ಪ: ಹೂಂ, ಅದು ಹಾಕು. ಪೇಟದ ಫೋಟೋನೂ ಹಾಕು.

ಆಗ ದೊಡ್ಡಮ್ಮನ ವಾಯ್ಸ್ ಮೆಸೇಜ್ ಬಂತು. ಕೇಳಿದ ಹಾಗೇ ಬರೆದಿದ್ದೇನೆ.

ದೊಡ್ಡಮ್ಮ: ಏನಾದ್ರೂ ಬರ್ಕೊಳ್ರಪ್ಪ. ಬೆಳಿಗ್ಗೆ ಆ ಬಿಲ್ ಕಲೆಕ್ಟರ್ ಹುಡುಗ ಬಂದಿದ್ದ. ಕಾಫಿ ಕುಡಿದು ಸುಮ್ನೆ ಕೂತಿದ್ದ. ಏನಪ್ಪಾ ಅಂದೆ. ಏನಿಲ್ಲ ಅಜ್ಜಿ ಅಂದ. ರಸೀದಿ ಪುಸ್ತಕ ಇದ್ದ ಬ್ಯಾಗನ್ನ ಕುರ್ಚಿ ಹಿಂದಕ್ಕೆ ತಳ್ಳಿಕೊಂಡ. ಬಿಡಿಸಿ ಕೇಳಿದ ಮೇಲೆ ಹೇಳಿದ, ನಮ್ಮನೆ ಕಂದಾಯ ಎರಡು ವರ್ಷದ್ದು ಬಾಕಿ ಐತಂತೆ. ಅವರು ಹಾಸಿಗೆ ಹಿಡಿದಾಗ ನಾನು ಕಟ್ತೀನಿ ಅಂದಿದ್ದೋನು ನೀನಲ್ವೇನೋ?

ಅಣ್ಣ: ನಾಳೆ ಬೆಳಿಗ್ಗೆ ಕಟ್ಟುತ್ತೇನಮ್ಮ.

ಚಿಕ್ಕಪ್ಪ: ರಸೀದಿ ಗುಂಪಿಗೆ ಹಾಕು.