ಅಪ್‌ಡೇಟ್: ಗರ್ಭಿಣಿಯಾಗಿದ್ದಾಗಿನ ಥೀಮ್ ಪಾರ್ಕ್ ಭೇಟಿ

ಐದನೇ ತಿಂಗಳಿನಲ್ಲಿ ಥೀಮ್ ಪಾರ್ಕ್‌ಗೆ ಹೋಗಬಹುದೇ, ಹೋಗುವುದಾದರೆ ಎಂಥದ್ದನ್ನು ಆರಿಸಿಕೊಳ್ಳಬೇಕು ಎಂದು ಕೇಳಿದ್ದೆನಲ್ಲ, ವೈದ್ಯರ ಒಪ್ಪಿಗೆ ಪಡೆದು ಮನೆಯವರೊಂದಿಗೆ ಹೋಗಿ ಆರಾಮವಾಗಿ ಮರಳಿದ್ದೇನೆ.

ಎಲ್ಲಕ್ಕಿಂತ ಹೆಚ್ಚು ನೆರವಾದದ್ದು, ಪ್ರತಿ ರೈಡ್‌ನ ಸುರಕ್ಷತಾ ಸೂಚನೆಯನ್ನು ಪಾರ್ಕ್‌ನ ಜಾಲತಾಣದಲ್ಲಿ ಮೊದಲೇ ಓದಿ, ಗರ್ಭಿಣಿಯರಿಗೆ ನಿರ್ಬಂಧವಿಲ್ಲದವು ಸಾಕಷ್ಟಿದ್ದು ಪ್ರದರ್ಶನಗಳೂ ನೆರಳೂ ಹೆಚ್ಚಿರುವ ಕಡೆಗೇ ಹೋಗಿ ಎಂಬ ಸಲಹೆ. ನಿಧಾನವಾಗಿ ಸಾಗುವ ರೈಲು, ದೋಣಿ, ಮೆರ್ರಿ-ಗೋ-ರೌಂಡ್‌ನ ಅಲುಗದ ಬೆಂಚು, ಇಷ್ಟರಲ್ಲೇ ದಿನ ತುಂಬಿತು.

‘ಮಕ್ಕಳ ರೈಡ್‌ಗಳೆಲ್ಲ ಸುರಕ್ಷಿತ’ ಎಂಬ ಸಲಹೆ ಮಾತ್ರ ಸರಿಯಾಗಲಿಲ್ಲ. ಪುಟ್ಟ ರೋಲರ್ ಕೋಸ್ಟರ್ ಒಂದರ ಫಲಕದಲ್ಲೂ ಗರ್ಭಿಣಿಯ ಚಿತ್ರದ ಮೇಲೆ ಕೆಂಪು ಅಡ್ಡಗೆರೆ ಇತ್ತು. ವೇಗವೊಂದೇ ಅಲ್ಲ, ಥಟ್ಟನೆ ನಿಲ್ಲುವ ಅಥವಾ ಕುಲುಕುವ ಬಲದಿಂದ ಮಾಸು (ಮಗುವಿಗೆ ಪೋಷಣೆ ಒದಗಿಸುವ ಪ್ಲಾಸೆಂಟಾ) ಗರ್ಭಾಶಯದ ಗೋಡೆಯಿಂದ ಬೇರ್ಪಡುವ ಅಪಾಯವಿರುತ್ತದೆ, ಜೊತೆಗೆ ತೊಡೆಯ ಮೇಲಿನ ಅಡ್ಡಪಟ್ಟಿ ಹೊಟ್ಟೆಯನ್ನು ಒತ್ತಬಹುದು ಎಂದು ವೈದ್ಯರು ವಿವರಿಸಿದ್ದರು. ನನಗೆ ನಿಜಕ್ಕೂ ಆಶ್ಚರ್ಯವೆನಿಸಿದ್ದು, ಕುಳಿತೇ ನೋಡುವ ಸಿಮ್ಯುಲೇಟರ್ ಚಿತ್ರಮಂದಿರಕ್ಕೂ ಅದೇ ನಿರ್ಬಂಧವಿದ್ದದ್ದು. ಅಲ್ಲಿ ಆಸನಗಳೇ ಜೋರಾಗಿ ಅಲುಗಾಡುತ್ತವೆ.

ಬಿಸಿಲು ಏರುವ ಮೊದಲೇ ಒಳಹೋಗಿ, ಆಗಾಗ ನೀರು ಕುಡಿಯುತ್ತ, ಶೌಚಾಲಯಗಳು ಎಲ್ಲೆಲ್ಲಿವೆ ಎಂಬುದನ್ನು ನಕ್ಷೆಯಲ್ಲಿ ಗುರುತಿಸಿಕೊಂಡೆವು. ಕಾಲು ಊದಿಕೊಂಡಾಗ ಪ್ರಥಮ ಚಿಕಿತ್ಸಾ ಕೊಠಡಿಯವರು ಮಲಗಲು ಜಾಗ ಕೊಟ್ಟರು. ರಕ್ತಸ್ರಾವದ ಇತಿಹಾಸ ಅಥವಾ ಮಾಸು ಗರ್ಭಾಶಯದ ಕೆಳಭಾಗದಲ್ಲಿರುವ ಸಮಸ್ಯೆ ಇರುವವರು ದಯವಿಟ್ಟು ಟಿಕೆಟ್ ಕೊಳ್ಳುವ ಮುನ್ನವೇ ವೈದ್ಯರನ್ನು ಕೇಳಿ.