ಅಪ್‌ಡೇಟ್: ಸ್ಪಿಟ್‌ಫೈರ್‌ಗೆ ಎಕ್ಸಾಸ್ಟ್ ಕೂತಿತು
ನನ್ನ ಎಲೆಕ್ಟ್ರಿಕ್ ಆರ್‌ಸಿ (ರಿಮೋಟ್‌ನಿಂದ ಹಾರಿಸುವ) ಮಾದರಿ ವಿಮಾನ, ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ ಸ್ಪಿಟ್‌ಫೈರ್ ಮಾರ್ಕ್ 9ಕ್ಕೆ ಅಸಲಿಯಂತೆ ಕಾಣುವ ಎಕ್ಸಾಸ್ಟ್ (ಹೊಗೆ ಕೊಳವೆ) ಮನೆಯಲ್ಲೇ ಮಾಡುವುದು ಹೇಗೆ ಅಂತ ಕೇಳಿದ್ದೆ. ಮಾಡಿದೆ! ಅಸಲಿ ವಿಮಾನದ ಮರ್ಲಿನ್ ಇಂಜಿನ್‌ಗೆ 12 ಸಿಲಿಂಡರ್, ಹಾಗಾಗಿ ಒಂದೊಂದು ಪಕ್ಕಕ್ಕೆ 6 ಕೊಳವೆ.

ನೀವು ಹೇಳಿದ ಹಾಗೆ ಎ.ಸಿ. ರಿಪೇರಿಯವರ ಹತ್ತಿರ 6 ಮಿ.ಮೀ. ತಾಮ್ರದ ಪೈಪ್ ತಂದೆ. ಮೊದಲೆರಡು ಬಗ್ಗಿಸುವಾಗಲೇ ಮಡಚಿಕೊಂಡು ಹಾಳಾದವು. ಆಮೇಲೆ ಕೆಂಪಗೆ ಕಾಯಿಸಿ ನೀರಿಗೆ ಅದ್ದಿದೆ. ತಾಮ್ರ ಮೆತ್ತಗಾಯಿತು. ಚೆನ್ನಾಗಿ ಒಣಗಿಸಿ, ಒಳಗೆ ಒಣ ಮರಳು ತುಂಬಿ ನಿಧಾನವಾಗಿ ಬಗ್ಗಿಸಿದೆ. ಒಂದೂ ಮಡಚಲಿಲ್ಲ. ತುದಿಯನ್ನು ವೈಸ್‌ನಲ್ಲಿ ಒತ್ತಿದರೆ ಮೀನಿನ ಬಾಲದ ಆಕಾರ ಬಂತು.

ಭಾರ ಜಾಸ್ತಿ ಆಗುತ್ತೆ ಅಂತ ಭಯ ಇತ್ತು ಅಲ್ವಾ? ಸ್ಪಿಟ್‌ಫೈರ್ ಮೂತಿ ಗಿಡ್ಡ, ಹೇಗೂ ಸಮತೋಲನಕ್ಕೆ ಮುಂದೆ ಸೀಸ ಇಡಲೇಬೇಕಿತ್ತು. ಈಗ ಕೊಳವೆಗಳ ಭಾರವೇ ಇರುವುದರಿಂದ ಅದರಲ್ಲಿ 25 ಗ್ರಾಂ ತೆಗೆದೆ.

ಮ್ಯಾಟ್ ಕಪ್ಪು ಬಳಿದು, ಸ್ಪಂಜಿನಿಂದ ತುಕ್ಕಿನ ಬಣ್ಣ ಒತ್ತಿದೆ. ಕೊಳವೆಗಳ ಹಿಂದೆ ಇದ್ದಿಲ ಪುಡಿಯನ್ನು ಬೆರಳಲ್ಲಿ ಸವರಿದಾಗ ಮಸಿ ಗೆರೆ ಮೂಡಿತು. ನೋಡುತ್ತಾ ಸುಮ್ನೆ ಕೂತುಬಿಟ್ಟೆ.