ಬಂದ ಪೀಸ್ ಕೆಟ್ಟಿತ್ತು ಅಂತ ರಿವ್ಯೂನಲ್ಲಿ ಬರೆಯಬೇಕಾ? ನಿಮ್ಮ ಅನುಭವ ಹೇಳಿ

ಆನ್‌ಲೈನಲ್ಲಿ ಮಿಕ್ಸಿ ತರಿಸಿದ್ದೆ. ಮೂರನೇ ದಿನ ಕಾಯಿಚಟ್ನಿ ರುಬ್ಬುವಾಗ ಜಾರಿನ ತಳದಿಂದ ಕಪ್ಪು ನೀರು ಸೋರಿ ಅಡುಗೆಕಟ್ಟೆ ಮೇಲೆಲ್ಲ ಹರೀತು. ದೂರು ಕೊಟ್ಟ ಆರನೇ ದಿನ ಬೇರೆ ಜಾರ್ ಬಂತು, ಅದು ಚೆನ್ನಾಗಿದೆ. ಈಗ ರಿವ್ಯೂ ಬರೀರಿ ಅಂತ ಮೆಸೇಜ್ ಬರ್ತಿದೆ. ಮೊದಲ ಜಾರಿನ ವಿಷಯ ಬರೀಬೇಕಾ? ಒಂದು ಪೀಸ್ ಕೆಟ್ಟಿತ್ತು ಅಂತ ಇಡೀ ಮಾಡೆಲ್ಲಿಗೆ ಕೆಟ್ಟ ಹೆಸರು ತರೋದು ಸರಿಯಾ? ಮನೆಯವರು "ಬದಲಿಸಿ ಕೊಟ್ಟರಲ್ಲ, ಬಿಡು" ಅಂತಾರೆ.

ತುಮಕೂರಿನಿಂದ:
ಖಂಡಿತ ಬರೀರಿ. ಹೋದ ವರ್ಷ ಕುಕ್ಕರ್ ತಗೊಳ್ಳೋಕೆ ಹೊರಟಿದ್ದೆ. ಐದು ಸ್ಟಾರಿನವೆಲ್ಲ "ಸೂಪರ್", "ನೈಸ್ ಪ್ರಾಡಕ್ಟ್". ಅದರಿಂದ ನನಗೇನು ಗೊತ್ತಾಗಬೇಕು? ಎರಡು-ಮೂರು ಸ್ಟಾರಿನವನ್ನ ಹುಡುಕಿ ಓದಿದೆ. ಬೇರೆ ಬೇರೆ ತಿಂಗಳಲ್ಲಿ ಬರೆದ ನಾಲ್ಕು ಜನರದ್ದು ಒಂದೇ ಮಾತು: ಹಿಡಿಯ ಸ್ಕ್ರೂ ಸಡಿಲ, ಬಿಗಿ ಮಾಡಿದರೂ ನಿಲ್ಲಲ್ಲ. ಅವರಲ್ಲಿ ಇಬ್ಬರಿಗೆ ಬದಲಿಸಿಯೂ ಕೊಟ್ಟಿದ್ದರು. ಆ ನಾಲ್ಕೂ ಜನ "ಹೋಗ್ಲಿ ಬಿಡು" ಅಂದಿದ್ದರೆ, ಕುದಿಯೋ ಬೇಳೆ ತುಂಬಿದ ಕುಕ್ಕರನ್ನ ಆ ಹಿಡಿ ಹಿಡಿದು ಇಳಿಸ್ತಿದ್ದವಳು ನಾನು.

ನಮ್ಮ ಮನೆಗೆ ಬರೋದು ಒಂದೇ ಪೀಸ್. ಅದು ಅಪರೂಪಕ್ಕೆ ಕೆಟ್ಟದ್ದೋ, ಮಾಡೆಲ್ಲೇ ಹಾಗೋ ಅಂತ ನಮಗೆ ಹೇಗೆ ಗೊತ್ತಾಗಬೇಕು? ಎಲ್ಲರೂ ತಮ್ಮ ಮನೇದನ್ನ ಬರೆದಾಗ ತಾನೇ ಓದೋರಿಗೆ ಅಂದಾಜು ಸಿಗೋದು. ಯಾವ ಭಾಗ, ಎಷ್ಟನೇ ದಿನ, ಆಮೇಲೆ ಅವರೇನು ಮಾಡಿದರು, ಈಗ ಹೇಗಿದೆ, ಇಷ್ಟೂ ಬರೀರಿ. ಬದಲಿಸಿ ಕೊಟ್ಟದ್ದನ್ನ ಮಾತ್ರ ಮುಚ್ಚಿಡಬೇಡಿ, ಅದು ಅನ್ಯಾಯ.

ಚನ್ನಪಟ್ಟಣದಿಂದ:
ನಾನು ಮಾರೋ ಕಡೆಯವನು. ಆಲೆಮರದ ಅರಗಿನ ಬಣ್ಣದ ಗೊಂಬೆ ಕಳಿಸ್ತೀನಿ. ಗಾಡಿಯ ಚಕ್ರ ಮುರಿದು ತಲುಪಿತು ಅಂತ ಒಬ್ಬರು ಒಂದು ಸ್ಟಾರ್ ಕೊಟ್ಟರು. ಹತ್ತು ಜನ ಐದೈದು ಕೊಟ್ಟಿದ್ದರು, ಸರಾಸರಿ 4.6ಕ್ಕೆ ಇಳೀತು. ಕೊರಿಯರ್‌ನವರ ತಪ್ಪಿಗೆ ಗೊಂಬೆಗೇಕೆ ಶಿಕ್ಷೆ ಅಂತ ತುಂಬಾ ನೊಂದುಕೊಂಡೆ. ತಿಂಗಳಲ್ಲಿ ಅದೇ ದೂರು ಇನ್ನೊಂದು ಬಂತು. ಡಬ್ಬಿ ಬಿಚ್ಚಿ ನೋಡಿದರೆ ಚಕ್ರದ ಕಡ್ಡಿ ರಟ್ಟಿಗೆ ತಾಗಿಕೊಂಡೇ ಕೂತಿತ್ತು. ತಪ್ಪು ನನ್ನದೇ. ಈಗ ಎರಡು ಬೆರಳು ಜಾಗ ಬಿಟ್ಟು ಹೊಟ್ಟು ತುಂಬ್ತೀನಿ.

ಒಂದೇ ಕೋರಿಕೆ: ಮೊದಲು ನಮಗೆ ಹೇಳಿ, ಸರಿ ಮಾಡೋಕೆ ಎರಡು ದಿನ ಕೊಡಿ, ಆಮೇಲೆ ಬರೀರಿ. ಡೆಲಿವರಿ ತಡವಾಗಿದ್ದು, ಹುಡುಗ ಒರಟಾಗಿ ಮಾತಾಡಿದ್ದು ಗೊಂಬೆಯ ರಿವ್ಯೂನಲ್ಲಿ ಬೇಡ. ಬಣ್ಣ ಮಗುವಿನ ಬಾಯಿಗೆ ಬಿಟ್ಟರೆ ಮಾತ್ರ ಯಾರನ್ನೂ ಕೇಳಬೇಡಿ, ಅವತ್ತೇ ಬರೀರಿ.

ಪುಣೆಯಿಂದ:
ರಿವ್ಯೂ ಬರೆದರೆ ದೂರು ಕೊಟ್ಟ ಹಾಗಾಗಲ್ಲ. ನನಗೆ ಬಂದ ಇಯರ್‌ಫೋನಿನಲ್ಲಿ ಒಂದು ಕಿವಿ ಕೇಳ್ತಿರಲಿಲ್ಲ. ಸಿಟ್ಟಿನಲ್ಲಿ ಒಂದು ಸ್ಟಾರ್ ಕೊಟ್ಟು ಸುಮ್ಮನಾದೆ, ಅಷ್ಟರಲ್ಲಿ ವಾಪಸ್ ಮಾಡೋ ಏಳು ದಿನ ಮುಗಿದಿತ್ತು. 2020ರ ಇ-ಕಾಮರ್ಸ್ ನಿಯಮದಂತೆ ದೂರು ಮುಟ್ಟಿತು ಅಂತ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಕೇಳದಿದ್ದರೆ ಗ್ರಾಹಕ ಸಹಾಯವಾಣಿ 1915.

ರಿವ್ಯೂ ತೆಗೆದರೆ 300 ರೂಪಾಯಿ ಹಾಕ್ತೀವಿ ಅಂತ ಆಮೇಲೆ ಫೋನೂ ಬಂತು. ತಗೊಳ್ಳಲಿಲ್ಲ. ನಿಮಗೂ ಬಂದರೆ ದಯವಿಟ್ಟು ತಗೋಬೇಡಿ. ದುಡ್ಡು ಕೊಟ್ಟು ಬರೆಸಿದ ರಿವ್ಯೂ ಪ್ರಕಟಿಸಬಾರದು ಅಂತ 2022ರಲ್ಲಿ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ತಂದ ಐಎಸ್ 19000 ಮಾನದಂಡದಲ್ಲೇ ಇದೆ. ದುಡ್ಡು ಕೊಟ್ಟು ಅಳಿಸೋದೂ ನನ್ನ ಪ್ರಕಾರ ಅದೇ ಮೋಸ.

ಕೇಳಿದವಳಿಂದ:
ಎಲ್ಲರಿಗೂ ಧನ್ಯವಾದ. ಮೂರು ಸ್ಟಾರ್ ಕೊಟ್ಟು, ಸೋರಿದ ಫೋಟೊ ಜೊತೆ ಇಷ್ಟು ಹಾಕಿದೆ: "ಮೋಟಾರ್ ಗಟ್ಟಿ, ದೋಸೆಹಿಟ್ಟು ನುಣ್ಣಗಾಗುತ್ತೆ. ಮೊದಲು ಬಂದ ಚಟ್ನಿ ಜಾರ್ ಮೂರನೇ ದಿನ ತಳದಲ್ಲಿ ಸೋರಿತು. ದೂರು ಕೊಟ್ಟ ಆರನೇ ದಿನ ಹೊಸದು ಕೊಟ್ಟರು, ಮೂರು ವಾರದಿಂದ ಸೋರಿಲ್ಲ. ತಂದ ದಿನವೇ ಜಾರಿಗೆ ನೀರು ತುಂಬಿ, ಹಳೇ ಪೇಪರ್ ಮೇಲೆ ಒಂದು ಗಂಟೆ ಇಟ್ಟು ನೋಡಿ."